ಕುದಿಯ ಓಟ, ಡ್ಯುರಾಂಡ್‌ನ ಗೋಲು

ಋತು ಆರಂಭವಾಗುವ ಮುನ್ನ ಆಡಿದ ಆಟವನ್ನು ನೋಡಿ ಒಂದು ವೃತ್ತಿಪರ ತಂಡದ ಮುಂದಿನ ದಾರಿಯನ್ನು ಎಷ್ಟರ ಮಟ್ಟಿಗೆ ಊಹಿಸಬಹುದು ಎಂಬ ಪ್ರಶ್ನೆಯನ್ನು ಫುಟ್‌ಬಾಲ್ ಲೋಕ ಪ್ರತಿ ವರ್ಷವೂ ಹೊಸದೆಂಬಂತೆ ಎತ್ತಿಕೊಳ್ಳುತ್ತದೆ. ಧರ್ಮಸ್ಥಳದ ಸುತ್ತಲಿನ ಸೀಮೆಗೆ, ಅಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಂಬಳಪ್ರಿಯರಿಗೆ, ಈ ಪ್ರಶ್ನೆ ಹಳೆಯದು. ಅದಕ್ಕೆ ಅವರಲ್ಲಿ ಒಂದು ಹೆಸರೂ ಇದೆ. ಜೋಡುಕರೆ ಕಂಬಳಗಳ ಋತು ಆರಂಭವಾಗುವ ಮೊದಲು, ಪದಕ ಬಹುಮಾನಗಳ ಹಂಗಿಲ್ಲದೆ, ಕೋಣಗಳನ್ನು ಕೆಸರಿನ ಓಟದ ಹಾದಿಯಾದ ಕರೆಗೆ ಇಳಿಸಿ ಓಡಿಸಿ ನೋಡುವ ಅಭ್ಯಾಸಕ್ಕೆ ‘ಕುದಿ’ ಎನ್ನುತ್ತಾರೆ. ತುಳುನಾಡಿನ ಉತ್ಸವಗಳು ಕೊನೆಗೊಳ್ಳುವ ದಿನವಾದ ಪತ್ತನಾಜೆಯ ನಂತರದ ಮಳೆಗಾಲವನ್ನೆಲ್ಲ ಕೊಟ್ಟಿಗೆಯಲ್ಲಿ ಹುರುಳಿ ತಿಂದು, ಮೈಗೆ ಎಣ್ಣೆ ತಿಕ್ಕಿಸಿಕೊಂಡು ಕಳೆದ ಕೋಣಗಳು ಮತ್ತೆ ನೀರಿನ ಸದ್ದಿಗೆ ಕಿವಿ ನಿಮಿರಿಸುವುದು ಈ ಕುದಿಯಲ್ಲಿಯೇ.

ಕುದಿಯನ್ನು ಹತ್ತಿರದಿಂದ ನೋಡಿದರೆ ಅದರ ಸ್ವಾರಸ್ಯ ಗೆಲುವಿನಲ್ಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಓಟ ಹೊರಡುವ ಗಂತಿನಲ್ಲಿ ಜೋಡಿ ತಾಳ್ಮೆಯಿಂದ ನಿಲ್ಲುತ್ತದೆಯೇ ಅಥವಾ ಬಿಡುವ ಮೊದಲೇ ಮುನ್ನುಗ್ಗುತ್ತದೆಯೇ, ಎರಡು ಕೋಣಗಳ ಹೆಜ್ಜೆ ಒಂದಕ್ಕೊಂದು ಕೂಡಿ ಬರುತ್ತದೆಯೇ ಅಥವಾ ಒಂದು ಮುಂದಾಗಿ ಇನ್ನೊಂದನ್ನು ಬದಿಗೆ ಎಳೆಯುತ್ತದೆಯೇ, ಓಟ ಮುಗಿಯುವ ಏರುತುದಿಯಾದ ಮಂಜೊಟ್ಟಿಯನ್ನು ಹತ್ತುವಾಗ ಉಸಿರು ಉಳಿದಿದೆಯೇ, ಹೊಸದಾಗಿ ಬಂದ ಓಟಗಾರನ ಕೈಯನ್ನು ಕೋಣಗಳು ಒಪ್ಪಿವೆಯೇ ಎಂಬುದೆಲ್ಲ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಪಕ್ಕದ ಕರೆಯಲ್ಲಿ ಓಡಿದ ಜೋಡಿ ಯಾವುದು, ಅದರ ಯಜಮಾನರು ಅಂದು ಎಷ್ಟು ಗಂಭೀರವಾಗಿದ್ದರು ಎಂಬುದು ತಿಳಿಯದ ಹೊರತು, ಕುದಿಯಲ್ಲಿ ಯಾವ ಜೋಡಿ ಮೊದಲು ಮಂಜೊಟ್ಟಿ ಮುಟ್ಟಿತು ಎಂಬ ಸುದ್ದಿಗೆ ಅರ್ಥವೇ ಇರುವುದಿಲ್ಲ.

ಒಂದು ಅಂಗಳದ ಅಳತೆಯನ್ನು ಇನ್ನೊಂದು ಅಂಗಳಕ್ಕೆ ಹೊತ್ತೊಯ್ಯುವ ತಪ್ಪಿಗೆ ಇದೇ ಸೀಮೆ ದೇಶಕ್ಕೇ ಒಂದು ದೊಡ್ಡ ಉದಾಹರಣೆಯನ್ನು ಕೊಟ್ಟಿದೆ. 2020ರ ಫೆಬ್ರುವರಿಯಲ್ಲಿ, ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಓಟಗಾರ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ಯಾರೋ ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ತೆಗೆದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು ಆಗಿದ್ದರಿಂದ, ಮುಂದಿನದು ಲೆಕ್ಕವಾಗಿ ಉಳಿಯದೆ ಉತ್ಸವವಾಯಿತು. ಕೆಲವೇ ದಿನಗಳಲ್ಲಿ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು ಇನ್ನೂ ಮುಂದೆ ಹೋಗಿ, ಅದೇ ಭಾಗಾಕಾರದ ಪ್ರಕಾರ, 9.51ಕ್ಕೆ ತಲುಪಿದರು. ಕೇಂದ್ರ ಕ್ರೀಡಾ ಸಚಿವರು ಭಾರತೀಯ ಕ್ರೀಡಾ ಪ್ರಾಧಿಕಾರದ ಆಯ್ಕೆ ಪರೀಕ್ಷೆಗೆ ಗೌಡರನ್ನು ಕರೆಸಲು ಮುಂದಾದರು. ಕಂಬಳದ ಓಟದಲ್ಲಿ ಭಾರ ಬೀಳುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನ ಓಟದಲ್ಲಿ ಮುಂಗಾಲಿನ ಮೇಲೆ ಎಂಬ ಸರಳ ಸಂಗತಿಯನ್ನು ವಿವರಿಸಿ ಪರೀಕ್ಷೆಯನ್ನು ನಿರಾಕರಿಸಿದ ಗೌಡರೇ ಆ ಇಡೀ ಗದ್ದಲದಲ್ಲಿ ಹೆಚ್ಚು ವಿವೇಕದಿಂದ ಮಾತನಾಡಿದವರು ಎನ್ನಬೇಕು. ಕೋಣಗಳ ಎಳೆತ, ನೀರಿನ ಆಳ, ಕರೆಯ ಉದ್ದ ಇವೆಲ್ಲ ಊರಿನಿಂದ ಊರಿಗೆ ಬೇರೆಯಾಗುವುದರಿಂದ, ಐಕಳದ ಸಮಯವನ್ನು ವೇಣೂರಿನ ಸಮಯದೊಂದಿಗೆ ಹೋಲಿಸುವುದೇ ಕಷ್ಟ. ಬರ್ಲಿನ್‌ನೊಂದಿಗೆ ಹೋಲಿಸುವುದು ಮನರಂಜನೆ ಮಾತ್ರ.

ಕರ್ನಾಟಕದ ವೃತ್ತಿಪರ ಫುಟ್‌ಬಾಲಿಗೆ ಇಂಥ ಕುದಿಯೆಂದರೆ ಡ್ಯುರಾಂಡ್ ಕಪ್. 1888ರಲ್ಲಿ ಶಿಮ್ಲಾದಲ್ಲಿ ಸೇನಾ ತಂಡಗಳಿಗಾಗಿ ಆರಂಭವಾದ, ಏಷ್ಯಾದಲ್ಲಿಯೇ ಅತ್ಯಂತ ಹಳೆಯದಾದ ಈ ಟೂರ್ನಿಯು ಇತ್ತೀಚಿನ ವರ್ಷಗಳಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್ಎಲ್, ಆರಂಭವಾಗುವ ಮೊದಲು ನಡೆಯುವುದರಿಂದ, ಕ್ಲಬ್‌ಗಳು ಅದನ್ನು ಅರ್ಧ ಕಪ್ ಎಂದೂ ಅರ್ಧ ಅಭ್ಯಾಸವೆಂದೂ ಬಗೆಯುತ್ತವೆ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದ, 2019ರಲ್ಲಿ ಐಎಸ್ಎಲ್ ಚಾಂಪಿಯನ್ ಆದ ಬೆಂಗಳೂರು ಎಫ್‌ಸಿಯ ಡ್ಯುರಾಂಡ್ ಫಲಿತಾಂಶಗಳನ್ನು ಅದೇ ವರ್ಷದ ಲೀಗ್ ಪಟ್ಟಿಯ ಪಕ್ಕದಲ್ಲಿಟ್ಟು ಓದಿದರೆ, ಭವಿಷ್ಯ ಹೇಳುವವರ ಉತ್ಸಾಹ ಬೇಗನೆ ತಣಿಯುತ್ತದೆ.

2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಬೆಂಗಳೂರು ತಂಡವು ಮುಂಬಯಿ ಸಿಟಿಯನ್ನು 2–1ರಿಂದ ಸೋಲಿಸಿ ಮೊದಲ ಬಾರಿಗೆ ಡ್ಯುರಾಂಡ್ ಎತ್ತಿತು. ಕಪ್ ಗೆದ್ದ ತಂಡವೇ ಲೀಗನ್ನೂ ಆಳುತ್ತದೆ ಎಂಬ ಮಾತು ಅಭಿಮಾನಿಗಳಲ್ಲಿ ಹಬ್ಬಿದ್ದಾಗಲೇ, ಐಎಸ್ಎಲ್‌ನ ಮೊದಲ ಭಾಗದಲ್ಲಿ ತಂಡ ಸಾಲುಸಾಲಾಗಿ ಸೋತು ಕೆಳಗಿಳಿಯಿತು. ಆಮೇಲೆ, ಯಾರೂ ನಿರೀಕ್ಷಿಸದಿದ್ದಾಗ, ಸತತ ಎಂಟು ಪಂದ್ಯಗಳನ್ನು ಗೆದ್ದು ನಾಲ್ಕನೆಯ ಸ್ಥಾನಕ್ಕೇರಿ, 2023ರ ಮಾರ್ಚ್ 18ರಂದು ಗೋವಾದಲ್ಲಿ ಫೈನಲ್ ಆಡಿ ಪೆನಾಲ್ಟಿಗಳಲ್ಲಿ ಸೋತಿತು. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದವರಿಗೆ ಸಲ್ಲುವ ಶೀಲ್ಡ್ ಮಾತ್ರ ಡ್ಯುರಾಂಡ್ ಫೈನಲ್‌ನಲ್ಲಿ ಸೋತ ಮುಂಬಯಿಯ ಪಾಲಾಯಿತು. ಡ್ಯುರಾಂಡ್ ಗೆಲುವು ಇದರಲ್ಲಿ ಯಾವುದನ್ನು ಸೂಚಿಸಿತ್ತು ಎಂದು ಕೇಳಿದರೆ, ಸೋಲುಗಳ ಸಾಲನ್ನೂ ಅಲ್ಲ, ಎಂಟು ಗೆಲುವುಗಳನ್ನೂ ಅಲ್ಲ ಎಂದೇ ಹೇಳಬೇಕಾಗುತ್ತದೆ.

ಹಿಂದಿನ ವರ್ಷದ ಕಥೆ ಇನ್ನೂ ಕಟುವಾದುದು. 2021ರಲ್ಲಿ ಡ್ಯುರಾಂಡ್ ಗೆದ್ದ ಎಫ್‌ಸಿ ಗೋವಾ, ಹನ್ನೊಂದು ತಂಡಗಳ ಲೀಗಿನಲ್ಲಿ ಒಂಬತ್ತನೆಯದಾಗಿ ಮುಗಿಸಿತು. ಕಪ್ ಗೆಲ್ಲಿಸಿಕೊಟ್ಟ ತರಬೇತುದಾರ ಹುವಾನ್ ಫೆರಾಂಡೊ ಋತುವಿನ ನಡುವೆಯೇ ಕೋಲ್ಕತ್ತದ ಎದುರಾಳಿ ಕ್ಲಬ್‌ಗೆ ಹೊರಟುಹೋಗುತ್ತಾರೆ ಎಂಬುದನ್ನು ಯಾವ ಅಭ್ಯಾಸ ಪಂದ್ಯವೂ ಮೊದಲೇ ತೋರಿಸುವಂತಿರಲಿಲ್ಲ. 2023ರಲ್ಲಿ ಬೆಂಗಳೂರು ತಂಡ ಡ್ಯುರಾಂಡ್‌ನ ಗುಂಪು ಹಂತದಲ್ಲಿಯೇ ಹೊರಬಿದ್ದು, ಲೀಗಿನಲ್ಲಿ ಹನ್ನೆರಡರಲ್ಲಿ ಹತ್ತನೆಯದಾಯಿತು. ಕೆಟ್ಟ ಆರಂಭ, ಕೆಟ್ಟ ಅಂತ್ಯ ಎಂದು ಇದನ್ನು ಸಾಕ್ಷಿಯಾಗಿ ತೋರಿಸುವವರು, ಆ ವರ್ಷ ಡ್ಯುರಾಂಡ್‌ಗೆ ಹೋದದ್ದು ಮುಖ್ಯ ತಂಡವಲ್ಲ, ಮೀಸಲು ಆಟಗಾರರ ತಂಡ ಎಂಬುದನ್ನು ಮರೆಯುತ್ತಾರೆ. ಅದೇ ವರ್ಷ ಡ್ಯುರಾಂಡ್ ಗೆದ್ದ ಮೋಹನ್ ಬಾಗಾನ್ ಶೀಲ್ಡನ್ನೂ ಗೆದ್ದಿತು ಎಂಬುದು ನಿಜ, ಆದರೆ ಆ ಒಂದು ಉದಾಹರಣೆಯನ್ನೇ ನಿಯಮವೆಂದು ಕರೆಯಲು ಬಹಳ ಶ್ರದ್ಧೆ ಬೇಕು.

ಹೊರಗಿನ ಲೋಕದಲ್ಲಿಯೂ ಇದಕ್ಕಿಂತ ವಿಚಿತ್ರವಾದ ದಾಖಲೆಗಳಿವೆ. ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡವು 2008ರ ನಾಲ್ಕೂ ಋತುಪೂರ್ವ ಪಂದ್ಯಗಳನ್ನು ಗೆದ್ದು, ಆಮೇಲೆ ಋತುವಿನ ಹದಿನಾರೂ ಪಂದ್ಯಗಳನ್ನು ಸೋತಿತು. ಒಂಬತ್ತು ವರ್ಷಗಳ ನಂತರ, 2017ರಲ್ಲಿ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅದೇ ನಾಲ್ಕು ಗೆಲುವು, ಅದೇ ಹದಿನಾರು ಸೋಲುಗಳನ್ನು ಚಾಚೂತಪ್ಪದೆ ಪುನರಾವರ್ತಿಸಿತು. 2014ರಲ್ಲಿ ಲೂಯಿ ವ್ಯಾನ್ ಗಾಲ್ ಅವರ ಮ್ಯಾಂಚೆಸ್ಟರ್ ಯುನೈಟೆಡ್ ಅಮೆರಿಕ ಪ್ರವಾಸದಲ್ಲಿ ಲಿವರ್‌ಪೂಲನ್ನು ಸೋಲಿಸಿ ಕಪ್ ಹಿಡಿದು ಮರಳಿ, ಎರಡು ವಾರಗಳೊಳಗೆ ತನ್ನದೇ ಅಂಗಳದಲ್ಲಿ ಸ್ವಾನ್ಸಿಗೆ 1–2ರಿಂದ ಸೋತು ಲೀಗ್ ಆರಂಭಿಸಿತು.

ಇದರ ಕಾರಣ ನಿಗೂಢವೇನಲ್ಲ. ಲೀಗಿನ ಅಂಕಗಳಿಗೆ ಲೆಕ್ಕವಿಲ್ಲದ ಸೌಹಾರ್ದ ಪಂದ್ಯಗಳಲ್ಲಿ ತರಬೇತುದಾರರು ಅರ್ಧ ವಿರಾಮಕ್ಕೆ ಇಡೀ ತಂಡವನ್ನೇ ಬದಲಿಸಬಹುದು, ವಿದೇಶಿ ಆಟಗಾರರು ತಡವಾಗಿ ಬಂದು ಸೇರಬಹುದು, ಒಂದು ತಂಡ ಓಡುವ ಶಕ್ತಿಯನ್ನು ಬೆಳೆಸುವ ಹಂತದಲ್ಲಿದ್ದರೆ ಇನ್ನೊಂದು ಅದನ್ನು ಮುಗಿಸಿ ಹುರುಪಿನಲ್ಲಿರಬಹುದು. ಗೆದ್ದವರು ಸಿದ್ಧರಾಗಿದ್ದರೋ, ಸೋತವರು ಸುಮ್ಮನೆ ಬೆವರು ಹರಿಸುತ್ತಿದ್ದರೋ ಎಂಬುದನ್ನು ಅಂಕಿ ಹೇಳುವುದಿಲ್ಲ. 2025ರಲ್ಲಂತೂ ಅಭ್ಯಾಸಕ್ಕೆ ಗುರಿಯೇ ಕಾಣೆಯಾಯಿತು: ಜುಲೈ ತಿಂಗಳಲ್ಲಿ ಐಎಸ್ಎಲ್ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋದ ಬಳಿಕವೂ ಡ್ಯುರಾಂಡ್ ನಡೆದು, ನಾರ್ತ್‌ಈಸ್ಟ್ ಯುನೈಟೆಡ್ ಫೈನಲ್‌ನಲ್ಲಿ ಡೈಮಂಡ್ ಹಾರ್ಬರನ್ನು 6–1ರಿಂದ ಸೋಲಿಸಿತು. ಕುದಿ ಮುಗಿದಿತ್ತು, ಕಂಬಳದ ದಿನಾಂಕ ಮಾತ್ರ ಯಾರ ಬಳಿಯೂ ಇರಲಿಲ್ಲ.

ಹಾಗಾದರೆ ಋತುಪೂರ್ವ ಆಟದಲ್ಲಿ ನೋಡತಕ್ಕದ್ದು ಏನೂ ಇಲ್ಲವೇ ಎಂದರೆ, ಕುದಿಯನ್ನು ನೋಡುವ ಕಣ್ಣಿನಿಂದ ನೋಡಿದರೆ ಇದೆ. ಹೊಸ ಕೈಗೆ ಹಗ್ಗ ಒಗ್ಗಿದೆಯೇ ಎಂಬುದು ಅಲ್ಲಿಯೂ ತಿಳಿಯುತ್ತದೆ. 2022ರ ಡ್ಯುರಾಂಡ್ ಫೈನಲ್‌ನಲ್ಲಿ ಬೆಂಗಳೂರಿಗೆ ಗೋಲು ಗಳಿಸಿದ ಯುವ ಮುಂಪಂಕ್ತಿ ಆಟಗಾರ ಶಿವಶಕ್ತಿ ನಾರಾಯಣನ್, ತಂಡ ಸೋತು ಗೆದ್ದು ತೂಗಾಡಿದ ಆ ಐಎಸ್ಎಲ್ ಋತುವಿನ ಕೊನೆಗೆ ಉದಯೋನ್ಮುಖ ಆಟಗಾರ ಪ್ರಶಸ್ತಿಯನ್ನು ಪಡೆದರು. ತಂಡದ ಸ್ಥಾನವನ್ನು ಹೇಳಲಾಗದ ಕಪ್, ಒಬ್ಬ ಹುಡುಗನ ಸ್ಥಾನವನ್ನು ಸರಿಯಾಗಿಯೇ ಹೇಳಿತ್ತು.

2024ರ ಆಗಸ್ಟ್ 27ರ ಸೆಮಿಫೈನಲ್ ಇದನ್ನೇ ಇನ್ನಷ್ಟು ಚೊಕ್ಕವಾಗಿ ತೋರಿಸುತ್ತದೆ. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಸುನಿಲ್ ಚೆಟ್ರಿಯವರ ಪೆನಾಲ್ಟಿ ಮತ್ತು ಹದಿಹರೆಯದ ವಿನೀತ್ ವೆಂಕಟೇಶ್ ಹೊಡೆದ ಗೋಲಿನಿಂದ 2–0 ಮುಂದಿದ್ದ ಬೆಂಗಳೂರು, ಮುನ್ನಡೆಯನ್ನು ಕಳೆದುಕೊಂಡು ಪೆನಾಲ್ಟಿಗಳಲ್ಲಿ ಸೋತಿತು. ಮರುದಿನದ ಮಾತೆಲ್ಲ ಕೈಜಾರಿದ ಮುನ್ನಡೆಯ ಬಗ್ಗೆಯೇ ಇತ್ತು. ಒಂದು ತಿಂಗಳ ನಂತರ, ಸೆಪ್ಟೆಂಬರ್ 28ರಂದು, ಕಂಠೀರವ ಕ್ರೀಡಾಂಗಣದಲ್ಲಿ ಅದೇ ಮೋಹನ್ ಬಾಗಾನ್ ತಂಡವನ್ನು ಬೆಂಗಳೂರು 3–0ರಿಂದ ಮಣಿಸಿತು. 2025ರ ಏಪ್ರಿಲ್ 12ರಂದು ಐಎಸ್ಎಲ್ ಫೈನಲ್‌ನಲ್ಲಿ ಮತ್ತೆ ಅವರಿಗೇ 1–2ರಿಂದ ಸೋತಿತು. ಈ ಮೂರು ಭೇಟಿಗಳಲ್ಲಿ ಮೂರು ಬಗೆಯ ಫಲಿತಾಂಶ. ಆ ಋತುವಿನ ಲೀಗನ್ನು ಬೆಂಗಳೂರು ಆರಂಭಿಸಿದ್ದು 2024ರ ಸೆಪ್ಟೆಂಬರ್ 14ರಂದು, ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ. ಪಂದ್ಯ 1–0ರಿಂದ ಮುಗಿಯಿತು, ಆ ಒಂದು ಗೋಲನ್ನು ಹೊಡೆದವರು ವಿನೀತ್ ವೆಂಕಟೇಶ್.