ಊರ ಹದ್ದು, ಪರದೇಶದ ಹದ್ದು

ಸಂತೆಯ ಬಯಲಿನ ಮೇಲೆ, ಮೀನುಪೇಟೆಯ ಸುತ್ತ, ಊರಾಚೆಯ ಕಸದ ರಾಶಿಯ ನೆತ್ತಿಯಲ್ಲಿ ರೆಕ್ಕೆ ಬಡಿಯದೆ ತೇಲುವ ಕಂದುಬಣ್ಣದ ಹದ್ದನ್ನು ಕಾಣದವರಿಲ್ಲ. ನಿತ್ಯವೂ ಕಾಣುವುದರಿಂದಲೋ ಏನೋ, ನಿಂತು ನೋಡುವವರು ಕಡಿಮೆ. ಆಕಾಶದಲ್ಲಿ ಸುತ್ತುವ ದೊಡ್ಡ ಹಕ್ಕಿಯನ್ನೆಲ್ಲ ಹದ್ದೆಂದೋ ಗರುಡನೆಂದೋ ಕರೆದುಬಿಡುವುದು ನಮ್ಮ ರೂಢಿ.

ಹದ್ದನ್ನು ಗುರುತಿಸಲು ಬಾಲವನ್ನು ನೋಡಬೇಕು. ಅದರ ತುದಿ ನಡುವೆ ಒಳಸರಿದು ಕವಲಾಗಿರುತ್ತದೆ. ಹಾರುವಾಗ ಹದ್ದು ಅದನ್ನು ದೋಣಿಯ ಚುಕ್ಕಾಣಿಯಂತೆ ಅತ್ತಿತ್ತ ತಿರುಚುತ್ತಲೇ ಇರುತ್ತದೆ. ಬಾಲವನ್ನು ಪೂರ್ತಿಯಾಗಿ ಹರಡಿದಾಗ ಕವಲು ಮಾಯವಾಗಿ ಅಂಚು ನೇರವಾಗಿ ಕಾಣುವುದರಿಂದ, ಆತುರಪಡದೆ ಕೊಂಚ ಹೊತ್ತು ನೋಡುವುದು ಲೇಸು. ಗರುಡನ ಬಾಲದ ತುದಿಯಾದರೋ ದುಂಡು. ಬೆಳೆದ ಗರುಡನಿಗೆ ತಲೆ, ಎದೆಗಳು ಬಿಳುಪು. ಉಳಿದ ಮೈ ಇಟ್ಟಿಗೆಗೆಂಪು. ಎಳೆಯ ಗರುಡ ಕಂದಾಗಿದ್ದು ಕಣ್ಣಿಗೆ ಮೋಸಮಾಡಿದರೂ ಅದರ ಬಾಲ ಮೋಸಮಾಡದು.

ವಿಜ್ಞಾನಿಗಳು ಹದ್ದಿಗೆ ಕೊಟ್ಟ ಹೆಸರು ‘ಮಿಲ್ವಸ್ ಮೈಗ್ರಾನ್ಸ್’. ಎರಡನೆಯ ಪದಕ್ಕೆ ‘ವಲಸೆ ಹೋಗುವ’ ಎಂದರ್ಥ. ಚಳಿಗಾಲದಲ್ಲಿ ಆಫ್ರಿಕಕ್ಕೆ ತೆರಳುವ ಯೂರೋಪಿನ ಹದ್ದಿಗೆ ಈ ಹೆಸರು ಒಪ್ಪುತ್ತದೆ. ನಮ್ಮ ನಾಡಿನ ಉಪಜಾತಿಗೆ 1832ರಲ್ಲಿ ಸೈಕ್ಸ್ ಎಂಬ ಪಕ್ಷಿಶಾಸ್ತ್ರಜ್ಞನು ‘ಗೋವಿಂದ’ ಎಂದು ಹೆಸರಿಟ್ಟನು. ಈ ಗೋವಿಂದ ದೂರ ಹೋಗುವ ಹಕ್ಕಿಯಲ್ಲ. ಊರನ್ನೇ ನೆಚ್ಚಿಕೊಂಡು ಬಾಳುವಂಥದು.

ಆದರೆ ಚಳಿಗಾಲದಲ್ಲಿ ಇದರ ದಾಯಾದಿಯೊಂದು ಉತ್ತರ ಭಾರತಕ್ಕೆ ಬಂದಿಳಿಯುತ್ತದೆ. ಅದು ಕರಿಗಿವಿಯ ಹದ್ದು. ಅದರ ಗಾತ್ರ ತುಸು ದೊಡ್ಡದು. ಕಣ್ಣಿನ ಹಿಂದೆ ಕಪ್ಪು ಮಚ್ಚೆ, ರೆಕ್ಕೆಯ ಅಡಿಯಲ್ಲಿ ಎದ್ದು ಕಾಣುವ ಬಿಳಿಯ ತೇಪೆ. ದೆಹಲಿಯಲ್ಲಿ ಇಂಥ 19 ಹದ್ದುಗಳ ಬೆನ್ನಿಗೆ ಪುಟ್ಟ ಯಂತ್ರಗಳನ್ನು ಕಟ್ಟಿ, ಉಪಗ್ರಹಗಳ ನೆರವಿನಿಂದ ಅವುಗಳ ಹಾದಿಯನ್ನು ಹಿಂಬಾಲಿಸಿದ ಸಂಶೋಧನೆಯೊಂದು 2020ರಲ್ಲಿ ಪ್ರಕಟವಾಯಿತು. ಕಸದ ರಾಶಿಯಲ್ಲಿ ಹೊಟ್ಟೆಹೊರೆದ ಈ ಹಕ್ಕಿಗಳು ಬೇಸಿಗೆ ಸಮೀಪಿಸಿದಾಗ 6,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಿಮಾಲಯವನ್ನು ದಾಟಿ, ಮೂರು ನಾಲ್ಕು ವಾರಗಳಲ್ಲಿ 3,300ರಿಂದ 4,800 ಕಿಲೋಮೀಟರ್ ಕ್ರಮಿಸಿ, ಕಜಾಕಿಸ್ತಾನ, ರಷ್ಯ, ಚೀನ, ಮಂಗೋಲಿಯಗಳಲ್ಲಿರುವ ತಮ್ಮ ತವರನ್ನು ಸೇರಿದವು!

ಆಷಾಢದ ಗಾಳಿಗೆ ನಮ್ಮಲ್ಲಿ ಗಾಳಿಪಟಗಳು ಏರುವಾಗ ಕರಿಗಿವಿಯ ಹದ್ದು ಆ ದೂರದ ನಾಡಿನಲ್ಲಿ ಮರಿಗಳೊಡನೆ ಇರುತ್ತದೆ. ಗೋವಿಂದ ಮಾತ್ರ ಇಲ್ಲಿಯೇ. ಗಾಜಿನ ಪುಡಿ ಮೆತ್ತಿದ ಮಾಂಜಾ ದಾರ ಅದರ ಕಣ್ಣಿಗೆ ಬೀಳುವುದಿಲ್ಲ. ತಗುಲಿದೊಡನೆ ರೆಕ್ಕೆಯ ಸ್ನಾಯು ಸೀಳುತ್ತದೆ. ಸಾಯದೆ ಉಳಿದರೂ ಎಷ್ಟೋ ಹದ್ದುಗಳು ಮತ್ತೆ ಹಾರವು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ನೈಲಾನ್ ಮೊದಲಾದ ಕೃತಕ ಮಾಂಜಾ ದಾರಗಳನ್ನು ದೇಶದಾದ್ಯಂತ ನಿಷೇಧಿಸಿತು. ಆದರೆ ಕೊಳೆಯದ ದಾರಕ್ಕೆ ನಿಷೇಧ ತಿಳಿಯದು. ಕೊಂಬೆಗೂ ವಿದ್ಯುತ್ ತಂತಿಗೂ ಸಿಕ್ಕಿಕೊಂಡ ತುಂಡುಗಳು, ಪಟದ ಆಟ ಮುಗಿದು ಎಷ್ಟೋ ದಿನಗಳಾದರೂ, ಹದ್ದು ಬಂದು ಕೂರುವ ಎಡೆಯಲ್ಲಿಯೇ ತೂಗಾಡುತ್ತಿರುತ್ತವೆ.