ನೀರಿನ ದಾರಿ ಹಿಡಿದು ವಿಜಯಪುರದಲ್ಲಿ ಸೈಕಲ್ ಸವಾರಿ

ವಿಜಯಪುರಕ್ಕೆ ಬರುವ ಪ್ರವಾಸಿಗರಲ್ಲಿ ಬಹುಪಾಲು ಮಂದಿ ನೋಡಿ ಹೋಗುವುದು ಎರಡನ್ನೇ: ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾ. ಬಸ್ಸು ಒಂದರ ಬಾಗಿಲಲ್ಲಿ ಇಳಿಸುತ್ತದೆ, ಇನ್ನೊಂದರ ಬಾಗಿಲಿಗೆ ಒಯ್ಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಆಲಮಟ್ಟಿಯ ಇಲ್ಲವೇ ಬಾದಾಮಿಯ ದಾರಿ ಹಿಡಿದಿರುತ್ತದೆ. ಆದರೆ 1490ರ ಸುಮಾರಿನಿಂದ 1686ರವರೆಗೆ ಆದಿಲಶಾಹಿಗಳು ಆಳಿದ ರಾಜಧಾನಿ ಇರುವುದು ಈ ಎರಡು ಕಟ್ಟಡಗಳ ನಡುವಿನ ಓಣಿ, ಬಜಾರು, ಕಂದಕ, ಬಾವಡಿಗಳಲ್ಲಿ. ಕಾರಿನಲ್ಲಿ ಹೋದರೆ ಅದು ಕಣ್ಣಿಗೆ ಬೀಳುವುದಿಲ್ಲ, ನಡೆದು ಹೋದರೆ ಒಂದು ದಿನಕ್ಕೆ ಮುಗಿಯುವುದಿಲ್ಲ. ಅದಕ್ಕೆ ಸೈಕಲ್ಲೇ ಸರಿ.

ಸೈಕಲ್ಲು ಇಲ್ಲಿಗೆ ಹೊಸದೇನೂ ಅಲ್ಲ. ಅವಿಭಜಿತ ವಿಜಯಪುರ ಜಿಲ್ಲೆ ರಾಜ್ಯದ ಸೈಕ್ಲಿಸ್ಟ್‌ಗಳ ತವರು. ಇಲ್ಲಿನ ರೈತಮಕ್ಕಳು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕ ಗೆಲ್ಲುತ್ತಲೇ ಬಂದಿದ್ದಾರೆ. ನಮಗೆ ಊರು ತೋರಿಸಲು ಬಂದ ಯುವಕನೂ ಶಾಲೆಯ ದಿನಗಳಲ್ಲಿ ರೇಸ್ ಸೈಕಲ್ ತುಳಿದವನು. ಹೊರಡುವ ಮುನ್ನ ಆತ ಹೇಳಿದ ಮಾತೇ ನಮ್ಮ ಇಡೀ ಸವಾರಿಯ ದಾರಿಯನ್ನು ಗೊತ್ತುಮಾಡಿತು: “ಗುಮ್ಮಟ ಎಲ್ಲಾರೂ ನೋಡ್ತಾರ್ರಿ ಸರ. ಇಷ್ಟ ದೊಡ್ಡ ಊರಿಗೆ ನೀರು ಎಲ್ಲಿಂದ ಬರ್ತಿತ್ತು ಅನ್ನೂದು ಯಾರೂ ಕೇಳಂಗಿಲ್ಲ. ಇವತ್ತ ನಾವು ಅದನ್ನ ಹಿಡಕೊಂಡು ಹೋಗೂಣು.”

ಕೇಳಲೇಬೇಕಾದ ಪ್ರಶ್ನೆಯದು. ಕೃಷ್ಣೆ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿದ್ದಾಳೆ, ಭೀಮೆ ಉತ್ತರದ ಅಂಚಿನಲ್ಲಿದ್ದಾಳೆ. ನಗರದ ಪಕ್ಕದಲ್ಲಿ ನದಿ ಇಲ್ಲ. ಮಳೆಯೋ, ಬಂದರೆ ಬಂತು. ನೆಲದಡಿ ಕಪ್ಪು ಬಂಡೆ. ಹೀಗಿದ್ದೂ ಈ ಊರು ಇನ್ನೂರು ವರ್ಷ ರಾಜಧಾನಿಯಾಗಿ ಬಾಳಿತು, ಉದ್ಯಾನ ಬೆಳೆಸಿತು, ಅಂಗಳಗಳಲ್ಲಿ ಕಾರಂಜಿ ಚಿಮ್ಮಿಸಿತು. ಆ ನೀರು ಬರುತ್ತಿದ್ದುದು ಮುಖ್ಯವಾಗಿ ಪಶ್ಚಿಮದ ತೊರವಿಯಿಂದ. ನಮ್ಮ ಸವಾರಿ ಪೂರ್ವದ ಗೋಳಗುಮ್ಮಟದಿಂದ ಪಶ್ಚಿಮದ ತೊರವಿಯವರೆಗೆ, ಅಂದರೆ ನೀರು ಹರಿದು ಬಂದ ದಿಕ್ಕಿಗೆ ಎದುರಾಗಿ, ಅದರ ಮೂಲದ ಕಡೆಗೆ.

ಗುಮ್ಮಟದ ಬೆಳಗು

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಹೋಗಬೇಕು. ಶಾಲಾ ಮಕ್ಕಳ ದಂಡು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ, ಕೂಗುಗಳೇ ತುಂಬಿರುತ್ತವೆ. ನಸುಕಿನಲ್ಲಾದರೆ ಒಂದು ಬದಿಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಮೆಲುಮಾತು ಎದುರು ಬದಿಯಲ್ಲಿ ಕೂತವರ ಕಿವಿಗೆ ಸ್ಪಷ್ಟವಾಗಿ ಬರುತ್ತದೆ. ಇದು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲಶಾಹನ ಸಮಾಧಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಷ್ಟು ಭಾರಕ್ಕೆ ಒಳಗೆ ಒಂದೇ ಒಂದು ಕಂಬದ ಆಸರೆ ಇಲ್ಲ.

ಕೆಳಗಿನ ಸಭಾಂಗಣದ ನಡುವೆ ನಿಂತು ಕತ್ತೆತ್ತಿದರೆ ಅದರ ಗುಟ್ಟು ಕಾಣುತ್ತದೆ. ನಾಲ್ಕು ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಅಡ್ಡಹಾಯ್ದು, ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟ ವಿನ್ಯಾಸ ಮೂಡಿಸುತ್ತವೆ. ಚೌಕದ ಕೋಣೆ ಮೇಲೇರುತ್ತ ಎಂಟು ಮೂಲೆಯಾಗಿ, ಆಮೇಲೆ ವೃತ್ತವಾಗುತ್ತದೆ. ಗುಮ್ಮಟದ ಭಾರ ಈ ಕಮಾನುಗಳ ಮೂಲಕ ದಪ್ಪ ಗೋಡೆಗಳಿಗೆ ಇಳಿಯುತ್ತದೆ. ಮೂಲೆಗಳಲ್ಲಿರುವ ಏಳಂತಸ್ತಿನ ಮಿನಾರುಗಳ ಒಳಗಿನ ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಬಂದರೆ, ಪಶ್ಚಿಮಕ್ಕೆ ಇಡೀ ಊರು ಹರಡಿಕೊಂಡಿರುತ್ತದೆ. ಮನೆ, ಮರಗಳ ನಡುವೆ ಅಲ್ಲಲ್ಲಿ ಎದ್ದುನಿಂತ ಚೌಕನೆಯ ಕಲ್ಲಿನ ಗೋಪುರಗಳತ್ತ ಗೈಡ್ ಬೆರಳು ತೋರಿಸಿದ. “ಅವು ಗಂಜ್ ರೀ. ಇಳಿದ ಮ್ಯಾಲೆ ಒಂದರ ಹತ್ತಿರ ನಿಲ್ಲೂಣು.”

ಬಜಾರಿನ ನಡುವಿನ ಗಂಜ್

ಗುಮ್ಮಟದಿಂದ ನೈರುತ್ಯಕ್ಕೆ ಸ್ವಲ್ಪ ದೂರ ತುಳಿದರೆ ಜಾಮಿಯಾ ಮಸೀದಿ. ಒಂದನೆಯ ಅಲಿ ಆದಿಲಶಾಹ (1558–1580) ಕಟ್ಟಿಸತೊಡಗಿದ ಇದರ ಮಿನಾರುಗಳು ಕೊನೆಗೂ ಪೂರ್ಣವಾಗಲಿಲ್ಲ. ಅಂಗಳದ ನಡುವೆ ಕಾರಂಜಿಯ ಕೊಳ. ಒಳಗೆ ಸಾಲು ಕಮಾನುಗಳ ಬಿಳಿ ನೆರಳು, ನೆಲದ ಮೇಲೆ ಒಬ್ಬೊಬ್ಬರ ಪ್ರಾರ್ಥನೆಗೆ ಒಂದೊಂದು ಎಂಬಂತೆ ಗೆರೆ ಹಾಕಿ ಗುರುತಿಸಿದ 2,250 ಚೌಕಗಳು. ಮಸೀದಿ ದಾಟಿ ಒಳಕೋಟೆಯಾದ ಅರಕಿಲ್ಲೆಯ ಕಡೆ ಹೊರಳಿದರೆ ಓಣಿ ಇಕ್ಕಟ್ಟಾಗುತ್ತದೆ. ಜೋಳದ ರೊಟ್ಟಿ ಬಡಿಯುವ ಸಪ್ಪಳ, ಹಿಟ್ಟಿನ ಗಿರಣಿ, ಶೇಂಗಾ ಹುರಿಯುವ ವಾಸನೆ. ಅದರ ನಡುವೆಯೇ ಮೆಹತರ್ ಮಹಲಿನ ಬಾಗಿಲು ಎದುರಾಗುತ್ತದೆ. ಮರಗೆಲಸದವರ ಉಳಿಯೇ ಕಲ್ಲಿನ ಮೇಲೆ ಆಡಿದಂತೆ ಅದರ ಬಾಲ್ಕನಿಯ ಆನಿಕೆಗಳು ನಾಜೂಕಾಗಿವೆ. ಸೈಕಲ್ಲಿನ ವೇಗದಲ್ಲಿ ಮಾತ್ರ ಇಂಥದ್ದು ತಾನಾಗಿ ಕಣ್ಣಿಗೆ ಬಿದ್ದು, ಕಾಲು ನೆಲಕ್ಕೆ ಊರುತ್ತದೆ.

ಗಂಜ್ ಎಂದರೆ ನೀರಿನ ಗೋಪುರ. ಎತ್ತರ 25ರಿಂದ 40 ಅಡಿ. ಮೇಲಿನ ನೆಲದಿಂದ ಇಳಿದು ಬರುವ ನೀರಿನ ಒತ್ತಡಕ್ಕೆ ನೆಲದಡಿಯ ಮಣ್ಣಿನ ಕೊಳವೆಗಳು ಸೀಳಿಹೋಗುವ ಅಪಾಯವಿತ್ತು. ಅದಕ್ಕೆಂದೇ ದಾರಿಯಲ್ಲಿ ಅಲ್ಲಲ್ಲಿ ಗೋಪುರ ಕಟ್ಟಿ ನೀರನ್ನು ಅದರೊಳಗೆ ಏರಲು ಬಿಟ್ಟರು. ಏರಿದ ನೀರು ಒತ್ತಡ ಕಳೆದುಕೊಂಡಿತು, ಮಣ್ಣು ಕಸ ತಳದಲ್ಲಿ ಕೂತಿತು, ತಿಳಿನೀರು ಮುಂದಿನ ಓಣಿಗೆ, ಮಹಲಿಗೆ, ಹಮಾಮಿಗೆ ಹರಿಯಿತು. ಪಂಪು ಇಲ್ಲ, ಯಂತ್ರವಿಲ್ಲ. ನೆಲದ ಇಳಿಜಾರನ್ನು ಅರಿತವರ ಕೆಲಸವದು.

ನಾವು ನಿಂತ ಗಂಜ್‌ನ ಗಾರೆ ಉದುರಿದೆ. ಬಿರುಕಿನಲ್ಲಿ ಅರಳಿ ಸಸಿ ಬೇರುಬಿಟ್ಟಿದೆ. ಬುಡದಲ್ಲಿ ತರಕಾರಿ ಮಾರುವ ಅವ್ವ ಕೂತಿದ್ದರು. ಗೈಡ್ ಅವರಿಗೆ ಪರಿಚಿತ. “ಯವ್ವಾ, ಇದು ಏನಂತ ಗೊತ್ತೈತೇನು?” ಎಂದು ಕೇಳಿದ. “ನೀರಿನ ಗೋಪುರ ಅಲ್ಲೇನಪಾ. ನಮ್ಮ ಅತ್ತಿ ಹೇಳ್ತಿದ್ದಳು” ಎಂದರು ಆಕೆ. ಪ್ರವಾಸಿಗರ ಪಟ್ಟಿಯಲ್ಲಿ ಇಲ್ಲದ್ದು ಊರಿನ ಮನೆಮಾತಿನಲ್ಲಿ ಉಳಿದಿದೆ.

ಅಸಾರ್ ಮಹಲಿನ ಮುಂದೆ ದೊಡ್ಡ ಕೊಳ. ಮುಹಮ್ಮದ್ ಆದಿಲಶಾಹನ ಕಾಲದಲ್ಲಿ ನ್ಯಾಯಸಭೆಗೆಂದು ಕಟ್ಟಿದ ಮಹಲಿದು. ಆಮೇಲೆ ಪ್ರವಾದಿಯವರ ಪವಿತ್ರ ಕೇಶವನ್ನು ಇರಿಸಿದ ಸ್ಥಳವಾಯಿತು. ಅಲ್ಲಿಂದ ಕಂದಕ ದಾಟಿದರೆ ಅರಕಿಲ್ಲೆ. ಒಳಗೆ, 1561ರ ಸುಮಾರಿಗೆ ಒಂದನೆಯ ಅಲಿ ಕಟ್ಟಿಸಿದ ಗಗನ ಮಹಲ್. ಸುಮಾರು 60 ಅಡಿ ಅಗಲದ ನಡುಗಮಾನು, ಎಡಬಲಕ್ಕೆ ಅಷ್ಟೇ ಎತ್ತರದ ಎರಡು ಕಿರುಗಮಾನು. ಚಾವಣಿ ಹೋಗಿದೆ, ಕಮಾನು ನಿಂತಿದೆ. 1686ರ ಸೆಪ್ಟೆಂಬರಿನಲ್ಲಿ ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನಿಗೆ ಶರಣಾದಾಗ ದರ್ಬಾರು ನಡೆದದ್ದು ಇಲ್ಲೇ. ರಾಜಧಾನಿಯಾಗಿ ಊರಿನ ಆಯುಷ್ಯ ಅಲ್ಲಿಗೆ ಮುಗಿಯಿತು. ಸಮೀಪದಲ್ಲೇ ಎರಡನೆಯ ಅಲಿಯ ಅರ್ಧಕ್ಕೆ ನಿಂತ ಸಮಾಧಿ, ಬಾರಾ ಕಮಾನ್. ಕರಿಕಲ್ಲಿನ ಆ ಕಮಾನುಗಳ ಸಾಲು ಮೇಲೆ ಏನನ್ನೂ ಹೊರದೆ ಆಕಾಶದ ಕೆಳಗೆ ನಿಂತಿದೆ.

ಬುರುಜಿನಿಂದ ಬಾವಡಿಗೆ

ಪಶ್ಚಿಮಕ್ಕೆ ಹೋದಂತೆ ನೆಲ ಮೆಲ್ಲನೆ ಏರುತ್ತದೆ. ಕಾರಿನಲ್ಲಿ ಇದು ಗೊತ್ತಾಗುವುದೇ ಇಲ್ಲ, ಪೆಡಲ್ ತುಳಿಯುವ ಕಾಲಿಗೆ ಕೂಡಲೇ ಗೊತ್ತಾಗುತ್ತದೆ. ನೀರು ಯಾಕೆ ಆ ಕಡೆಯಿಂದ ಈ ಕಡೆಗೆ ತಾನಾಗಿ ಹರಿಯಿತು ಎಂಬುದನ್ನು ಯಾವ ನಕ್ಷೆಗಿಂತಲೂ ಚೆನ್ನಾಗಿ ಈ ಏರು ತಿಳಿಸುತ್ತದೆ.

ಉಪಲಿ ಬುರುಜು ಸುಮಾರು 80 ಅಡಿ ಎತ್ತರದ ದುಂಡನೆಯ ಕಾವಲುಗೋಪುರ. ಮೆಟ್ಟಿಲುಗಳು ಅದರ ಹೊರಮೈಯನ್ನೇ ಸುತ್ತಿಕೊಂಡು ಏರುತ್ತವೆ. ಅಲ್ಲಿಂದ ಹತ್ತಿರದಲ್ಲೇ, ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಉದ್ದ 14 ಅಡಿ, ತೂಕ ಸುಮಾರು 55 ಟನ್. 1565ರ ತಾಳಿಕೋಟೆಯ ಕದನದಲ್ಲಿ ಇದು ವಿಜಯನಗರದ ಸೈನ್ಯದ ಎದುರು ನಿಂತಿತ್ತೆಂದು ಹೇಳುತ್ತಾರೆ. ಬಾಯಿಯ ಬಳಿ ಬಾಗಿ ನೋಡಬೇಕು: ತೆರೆದ ಸಿಂಹದ ದವಡೆ, ಹಲ್ಲುಗಳ ನಡುವೆ ಸಿಕ್ಕಿ ಒದ್ದಾಡುವ ಪುಟ್ಟ ಆನೆ. ಬಿಸಿಲೇರಿದ್ದರೂ ಲೋಹ ಅಂಗೈಗೆ ತಣ್ಣಗಿತ್ತು. ಬೆರಳಿನಿಂದ ತಟ್ಟಿದರೆ ಗಂಟೆಯ ನಾದ.

ಸುತ್ತಲಿನ ಕೋಟೆಗೋಡೆಯ ಉದ್ದ ಸುಮಾರು 10 ಕಿಲೋಮೀಟರ್, 96 ಬುರುಜುಗಳು, ಐದು ದೊಡ್ಡ ಅಗಸಿಗಳು. ಗೋಡೆಯ ನೆರಳು ಹಿಡಿದು ಮಕ್ಕಾ ದರ್ವಾಜೆಯ ಕಡೆ ಸಾಗಿದರೆ ತಾಜ್ ಬಾವಡಿ ಸಿಗುತ್ತದೆ. ಮೊದಲು ಕಾಣುವುದು ಎರಡು ಎಂಟುಮೂಲೆಯ ಗೋಪುರ, ಅವುಗಳ ನಡುವೆ ಸುಮಾರು 35 ಅಡಿ ಅಗಲದ ಕಮಾನು. ಕಮಾನಿನಡಿಯಿಂದ ಮೆಟ್ಟಿಲಿಳಿದರೆ ಒಮ್ಮೆಲೆ ತೆರೆದುಕೊಳ್ಳುವ ನೀರಿನ ಚೌಕ. ಒಂದೊಂದು ಬದಿ 223 ಅಡಿ, ಆಳ 52 ಅಡಿ. ಬದಿಯ ಕೋಣೆಗಳು ದಾರಿಹೋಕರ ವಿಶ್ರಾಂತಿಗೆ. 1620ರ ಹೊತ್ತಿಗೆ, ಎರಡನೆಯ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ ಇದನ್ನು ಕಟ್ಟಿದವನು ಮಲಿಕ್ ಸಂದಲ್.

ಈ ಬಾವಡಿ ವರ್ಷಗಳ ಕಾಲ ಕಸ, ಹೂಳು ತುಂಬಿಕೊಂಡು ನಾರುತ್ತಿತ್ತು. ಕೆಲವು ವರ್ಷಗಳ ಹಿಂದೆ ನೀರನ್ನೆಲ್ಲ ಹೊರಹಾಕಿ, ಹೂಳೆತ್ತಿ ಶುಚಿ ಮಾಡಿದರು. ತಳ ಕಂಡ ಮೇಲೆ ಮತ್ತೆ ನೀರು ಬಂತು. ನಾಲ್ಕು ಶತಮಾನ ಹಿಂದಿನ ಒರತೆ ಬತ್ತಿರಲಿಲ್ಲ. ಮನಸ್ಸು ಮಾಡಿದರೆ ಈ ಊರಿನ ಹಳೆಯ ಜಲಮೂಲಗಳು ಮರಳಿ ಜೀವ ಪಡೆಯುತ್ತವೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜಗದ್ಗುರು ಬಾದಶಹನ ಅಂಗಳ

ಕೋಟೆಯ ಹೊರಗೆ, ಪಶ್ಚಿಮದಲ್ಲಿ ಇಬ್ರಾಹಿಂ ರೋಜಾ. ಇದರ ಶಾಸನದಲ್ಲೂ ತಾಜ್ ಸುಲ್ತಾನಾ ಹೆಸರಿದೆ, ಮಲಿಕ್ ಸಂದಲ್‌ನ ಹೆಸರಿದೆ. ಒಂದೇ ಜಗತಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರು, ನಡುವೆ ಕಾರಂಜಿಯ ಕೊಳ. ಸಮಾಧಿಯ ಕಿಟಕಿಗಳ ಬಳಿ ತುಸು ಹೊತ್ತು ನಿಲ್ಲಬೇಕು. ಜಾಲಂಧ್ರದಲ್ಲಿ ಕೊರೆದಿರುವುದು ಹೂಬಳ್ಳಿಯಲ್ಲ, ಅರಬ್ಬಿ ಅಕ್ಷರಗಳು. ಕಲ್ಲನ್ನು ಕತ್ತರಿಸಿ ತೆಗೆದಲ್ಲೆಲ್ಲ ಬೆಳಕು ತುಂಬಿ ಅಕ್ಷರಗಳು ಎದ್ದುಕಾಣುತ್ತವೆ.

1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂನನ್ನು ಪ್ರಜೆಗಳು ‘ಜಗದ್ಗುರು ಬಾದಶಹ’ ಎಂದು ಕರೆದರು. ಸಂಗೀತವೇ ಅವನ ಉಸಿರು. ಅವನು ದಖನಿಯಲ್ಲಿ ಬರೆದ ‘ಕಿತಾಬ್-ಎ-ನೌರಸ್’ ಸರಸ್ವತಿಯ ಸ್ತುತಿಯಿಂದ ಮೊದಲಾಗುತ್ತದೆ. ಒಬ್ಬ ಸುಲ್ತಾನ ವಾಗ್ದೇವಿಗೆ ಕೈಮುಗಿದು ಹಾಡು ಕಟ್ಟಿದ ಊರಿದು ಎಂಬುದನ್ನು ಪ್ರತಿಯೊಬ್ಬ ಕನ್ನಡಿಗ ಮಗುವೂ ತಿಳಿದಿರಬೇಕು.

ತೊರವಿಯ ಸುರಂಗ

ಅಲ್ಲಿಂದ ಮುಂದೆ ಊರು ತೆಳುವಾಗುತ್ತ ಹೊಲಗಳು ಬರುತ್ತವೆ. ಎರೆಮಣ್ಣಿನಲ್ಲಿ ಜೋಳ, ತೊಗರಿ, ಅಲ್ಲಲ್ಲಿ ದ್ರಾಕ್ಷಿಯ ಚಪ್ಪರ. ಗೈಡ್ ಒಂದು ಹೊಲದ ಬದುವಿನಲ್ಲಿ ಸೈಕಲ್ ನಿಲ್ಲಿಸಿ, ನೆಲದಲ್ಲಿ ಬಾಯಿ ತೆರೆದಿದ್ದ ಬಾವಿಯಂಥ ಕಿಂಡಿಯನ್ನು ತೋರಿಸಿದ. ಇಣುಕಿದರೆ ಕಲ್ಲಿನ ಗೋಡೆ ಕೆಳಗೆ ಕೆಳಗೆ ಇಳಿದು ಕತ್ತಲೆಯಲ್ಲಿ ಸೇರುತ್ತದೆ. ಇಂಥ ಕಿಂಡಿಗಳು ಸಾಲಾಗಿವೆ. ಅವೆಲ್ಲವನ್ನೂ ನೆಲದಡಿ ಒಂದೇ ಸುರಂಗ ಕೂಡಿಸುತ್ತದೆ. ಪರ್ಷಿಯಾದ ಕರೇಜ್ ಪದ್ಧತಿಯದು: ಅಂತರ್ಜಲಕ್ಕೆ ತಾಗುವಂತೆ ಅತಿ ಕಡಿಮೆ ಇಳಿಜಾರಿನ ಕಾಲುವೆಯನ್ನು ನೆಲದಡಿಯಲ್ಲೇ ಕೊರೆದು ನೀರನ್ನು ಊರಿಗೆ ತರುವುದು. ಗಾಳಿ ಬೆಳಕಿಗೆ, ಹೂಳೆತ್ತಲು ಈ ಕಿಂಡಿಗಳು. ನೆಲದಡಿ ಹರಿಯುವ ನೀರು ದಖ್ಖನ್ನಿನ ಬಿಸಿಲಿಗೆ ಆವಿಯಾಗುವುದಿಲ್ಲ, ಮುತ್ತಿಗೆ ಹಾಕಿದ ಶತ್ರುವಿನ ಕೈಗೂ ಸುಲಭವಾಗಿ ಸಿಗುವುದಿಲ್ಲ. ಒಂದನೆಯ ಅಲಿಯ ಕಾಲದಲ್ಲಿ ಆರಂಭವಾದ ಕೆಲಸವನ್ನು ಇಬ್ರಾಹಿಂ ಮುಂದುವರಿಸಿದ. ಮುಂದೆ ಮುಹಮ್ಮದ್ 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ ಇನ್ನೊಂದು ದಿಕ್ಕಿನಿಂದಲೂ ನೀರು ತಂದ.

ಸುರಂಗ ಬಾವಡಿ ಎಂದು ಹೆಸರಾದ ಈ ಸುರಂಗವೂ ಸೇರಿದಂತೆ ದಖ್ಖನ್ನಿನ ಐತಿಹಾಸಿಕ ಜಲವ್ಯವಸ್ಥೆಗಳನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ‘ವಾಚ್’ ಪಟ್ಟಿಗೆ ಸೇರಿಸಿತು. ಸಮೀಪದಲ್ಲೇ ಇಬ್ರಾಹಿಂನ ನೌರಸಪುರದ ಅವಶೇಷ, ಸಂಗೀತ ಮಹಲ್. 1599ರಲ್ಲಿ ಕಟ್ಟತೊಡಗಿದ ಆ ಹೊಸ ನಗರವನ್ನು 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರ್ ಹಾಳುಗೆಡವಿದ. ತೊರವಿಯ ನರಸಿಂಹ ದೇಗುಲಕ್ಕೂ ಹೋಗಬೇಕು. ಕುಮಾರ ವಾಲ್ಮೀಕಿಯೆಂದು ಹೆಸರಾದ ಕವಿ ನರಹರಿ ಭಾಮಿನಿ ಷಟ್ಪದಿಯ ‘ತೊರವೆ ರಾಮಾಯಣ’ವನ್ನು ಅರ್ಪಿಸಿದ್ದು ಈ ದೇವರಿಗೆ. ರಾಜಧಾನಿಗೆ ನೀರು ಕೊಟ್ಟ ಊರೇ ಕನ್ನಡಕ್ಕೆ ಒಂದು ರಾಮಾಯಣವನ್ನೂ ಕೊಟ್ಟಿತು.

ಹೋಗುವವರಿಗೆ

ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿಯ ಮೇಲೆ ಬರುವ ಗೋಳಗುಮ್ಮಟ ಎಕ್ಸ್‌ಪ್ರೆಸ್ ನೇರ ವಿಜಯಪುರಕ್ಕೆ ತರುತ್ತದೆ. ನಿಲ್ದಾಣದಿಂದ ಗುಮ್ಮಟ ಹತ್ತಿರ. ನವೆಂಬರಿನಿಂದ ಫೆಬ್ರುವರಿಯವರೆಗೆ ಸೈಕಲ್ಲಿಗೆ ಒಳ್ಳೆಯ ಕಾಲ. ಜನವರಿಯಲ್ಲಾದರೆ ಸಂಕ್ರಾಂತಿಯ ಹೊತ್ತಿನ ಸಿದ್ಧೇಶ್ವರ ಜಾತ್ರೆಯೂ ಸಿಗುತ್ತದೆ. ಬೇಸಿಗೆಯ ಬಿಸಿಲು ಬೇಡ. ಬೆಳಗಿನ ಹೊತ್ತು ಕೋಟೆಯೊಳಗಿನ ಊರು, ಮಧ್ಯಾಹ್ನ ಎಣಗಾಯಿ, ಜೋಳದ ರೊಟ್ಟಿಯ ಊಟ ಮತ್ತು ವಿಶ್ರಾಂತಿ, ಬಿಸಿಲು ಇಳಿದ ಮೇಲೆ ಇಬ್ರಾಹಿಂ ರೋಜಾ ಮತ್ತು ತೊರವಿ ಎಂದು ಇಟ್ಟುಕೊಂಡರೆ ದಣಿವಾಗದು. ಸ್ಥಳೀಯ ಗೈಡ್ ಜೊತೆಗಿರಲೇಬೇಕು. ಗಂಜ್‌ಗಳ ಮುಂದೆ, ತೊರವಿಯ ಕಿಂಡಿಗಳ ಬಳಿ ವಿವರ ಹೇಳುವ ಫಲಕ ನಮಗೆಲ್ಲೂ ಕಾಣಲಿಲ್ಲ.

ಆ ಕೊರತೆಯನ್ನು ತುಂಬುವುದು ಕಷ್ಟದ ಕೆಲಸವಲ್ಲ. ಗುಮ್ಮಟದಿಂದ ತೊರವಿಯವರೆಗೆ ಗಂಜ್‌ನಿಂದ ಗಂಜ್‌ಗೆ ಗುರುತು ಮಾಡಿದ ಒಂದು ಸೈಕಲ್ ದಾರಿ, ಒಂದು ನಕ್ಷೆ, ಕನ್ನಡದಲ್ಲಿ ನಾಲ್ಕು ಸಾಲಿನ ಫಲಕಗಳು, ಜಿಲ್ಲೆಯ ಸೈಕಲ್ ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಇಷ್ಟಾದರೆ ಸಾಕು. ಗುಮ್ಮಟವನ್ನು ಕಾಯಲು ಇಲಾಖೆ ಇದೆ. ಗಂಜ್ ಮತ್ತು ಕಿಂಡಿಗಳನ್ನು ಉಳಿಸುವುದು ನೋಡಲು ಬರುವ ಜನರ ಕಣ್ಣು. ಪ್ರತಿ ಬೇಸಿಗೆಯಲ್ಲೂ ಟ್ಯಾಂಕರಿಗಾಗಿ ಕಾಯುವ ನಾಡಿನಲ್ಲಿ, ನದಿಯಿಲ್ಲದೆಯೂ ನೀರು ತಂದ ಈ ಜಾಣ್ಮೆಯನ್ನು ಗುಮ್ಮಟದಷ್ಟೇ ಅಕ್ಕರೆಯಿಂದ ಕಾಪಾಡಬೇಕು.