ಖಾಕಿಯ ಒಳಗಿನ ಗಾಯ

2013ರ ಏಪ್ರಿಲ್ 17, ವಿಧಾನಸಭಾ ಚುನಾವಣೆಗೆ ನಾಮಪತ್ರ ಸಲ್ಲಿಸಲು ಕಡೆಯ ದಿನ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಮಲ್ಲೇಶ್ವರದ ಬಿಜೆಪಿ ಕಚೇರಿಯ ಬಳಿ ನಿಲ್ಲಿಸಿದ್ದ ಮೋಟಾರ್ ಸೈಕಲ್ಲಿನಲ್ಲಿ ಬಾಂಬ್ ಸಿಡಿಯಿತು. ಗಾಯಗೊಂಡ 16 ಮಂದಿಯಲ್ಲಿ 8 ಮಂದಿ ಬಂದೋಬಸ್ತಿಗೆ ಬಂದಿದ್ದ ಪೊಲೀಸರು. ಯಾರೂ ಸಾಯಲಿಲ್ಲವಲ್ಲ ಎಂದು ಊರು ಸಮಾಧಾನಪಟ್ಟಿತು. ಮೇ 5ಕ್ಕೆ ಮತದಾನವಿತ್ತು, ಬಂದೋಬಸ್ತು ನಿಲ್ಲುವಂತಿರಲಿಲ್ಲ.

ಸುಟ್ಟ ಗಾಯಕ್ಕೆ ಮುಲಾಮು ಉಂಟು. ಆದರೆ ಇಂಥ ಘಟನೆಯ ಸಮೀಪ ನಿಂತವರಿಗೆ ಬೀಳುವ ಇನ್ನೊಂದು ಪೆಟ್ಟು ಎಷ್ಟೋ ಸಲ ವಾರಗಳ ಬಳಿಕ ತಲೆಯೆತ್ತುತ್ತದೆ. ಪಟಾಕಿಯ ಸದ್ದಿಗೆ ಬೆಚ್ಚುವುದು, ಅದೇ ದೃಶ್ಯ ಕನಸಿನಲ್ಲಿ ಕಾಣುವುದು, ಆ ರಸ್ತೆಯನ್ನೇ ತಪ್ಪಿಸಿ ಸುತ್ತಿ ಹೋಗುವುದು, ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕುವುದು. ಮೊದಲ ಮಹಾಯುದ್ಧದ ಸೈನಿಕರಲ್ಲಿ ಇದು ಕಂಡಾಗ 'ಶೆಲ್ ಶಾಕ್' ಎಂದರು. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರು 'ಪಿಟಿಎಸ್‌ಡಿ' ಎಂಬ ಹೆಸರಿಟ್ಟರು. ತಿಂಗಳು ಕಳೆದರೂ ಬಿಡದೆ ಕಾಡಿದರೆ ಮಾತ್ರ ಈ ಹೆಸರು ಸಲ್ಲುತ್ತದೆ.

ಬಾಂಬೇ ಸಿಡಿಯಬೇಕೆಂದಿಲ್ಲ. ಅಸಹಜ ಸಾವಾದ ಕಡೆ ಮಹಜರು ಮುಗಿಯುವ ತನಕ ಹೆಣ ಕಾಯುವವನು ಪೇದೆ, ಶವಾಗಾರಕ್ಕೆ ಜೊತೆ ಹೋಗುವವನೂ ಅವನೇ. ಮರುದಿನ ಬೆಳಿಗ್ಗೆ ರೋಲ್‌ಕಾಲಿಗೆ ಹಾಜರಿರಬೇಕು.

ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ತೀರಿಕೊಂಡಾಗ ನಿಮ್ಹಾನ್ಸ್ ತಜ್ಞರು ಸತ್ತವರ ಬಂಧುಗಳ ದುಃಖವನ್ನು ಅಧ್ಯಯನ ಮಾಡಿದ್ದರು. 1984ರ ಭೋಪಾಲ್ ಅನಿಲ ದುರಂತದ ನಂತರ ಅದೇ ಸಂಸ್ಥೆಯ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತಿತರರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನಸ್ಸಿನ ಗಾಯವನ್ನು ಗುರುತಿಸಲು ಕಲಿಸಿದರು.

ಇಷ್ಟಿದ್ದೂ ಚಾಮರಾಜಪೇಟೆಯ ಪೇದೆಗೆ ನಿಮ್ಹಾನ್ಸ್ ದೂರ. ದೂರವಿರುವುದು ರಸ್ತೆಯಲ್ಲಲ್ಲ, ಹೆಸರಿನಲ್ಲಿ. 1847ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾಗಿ, 1937ರಲ್ಲಿ ಹೊಸೂರು ರಸ್ತೆಯ ಕಡೆಗೆ ಬಂದು, 1974ರಲ್ಲಿ ಈಗಿನ ಹೆಸರು ಪಡೆದ ಸಂಸ್ಥೆ ಅದು. ಇಂದಿಗೂ ನಮ್ಮೂರಲ್ಲಿ 'ನಿಮ್ಹಾನ್ಸಿಗೆ ಹೋಗು' ಎಂಬುದು ಬೈಗುಳವೇ. ಅಲ್ಲಿನ ಚೀಟಿ ಜೇಬಿನಲ್ಲಿ ಸಿಕ್ಕಿದರೆ ಬಂದೂಕು ಕೊಡುತ್ತಾರೆಯೇ, ಬಡ್ತಿ ಬರುತ್ತದೆಯೇ ಎಂಬ ಅಳುಕು ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಮಾಡಬೇಕಾದ್ದೇನು? 1980ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಪದ್ಧತಿ ಬಂತು: ಘಟನೆ ನಡೆದ ಕೆಲವೇ ದಿನಗಳಲ್ಲಿ ಅಗ್ನಿಶಾಮಕ ಮತ್ತು ಪೊಲೀಸ್ ಸಿಬ್ಬಂದಿಯನ್ನು ಒಟ್ಟಿಗೆ ಕೂರಿಸಿ, ಕಂಡದ್ದನ್ನೆಲ್ಲ ಹೇಳಿಸುವುದು. ಕೇಳಲು ಚೆನ್ನ. ಆದರೆ ಹೀಗೆ ಒಂದೇ ಸಲ ಒತ್ತಾಯದಿಂದ ಹೇಳಿಸಿದರೆ ಮುಂದೆ ಬರುವ ಬೇನೆ ತಪ್ಪುವುದಿಲ್ಲ, ಕೆಲವರಿಗೆ ಅದು ಹೆಚ್ಚೂ ಆಗಬಹುದು ಎಂದು ಆಮೇಲಿನ ಪರೀಕ್ಷೆಗಳು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯ ದಾರಿಯೇ ಬೇರೆ. ಮೊದಲು ಸುರಕ್ಷಿತ ಜಾಗ, ಊಟ, ನೀರು, ಮನೆಯವರ ಸಂಪರ್ಕ. ಹೇಳಿಕೊಳ್ಳಬೇಕೆನಿಸಿದರೆ ಕೇಳಿಸಿಕೊಳ್ಳುವುದು, ಇಲ್ಲದಿದ್ದರೆ ಕೆದಕದಿರುವುದು. ಬೇಕಾದವರನ್ನು ವೈದ್ಯರಿಗೆ ತಲುಪಿಸುವುದು. ತಿಂಗಳಾದ ಮೇಲೆ ಇನ್ನೊಮ್ಮೆ ವಿಚಾರಿಸುವುದು ಕೂಡ ಅಷ್ಟೇ ಮುಖ್ಯ. ನನಗೆ ತೋರುವಂತೆ ಈ ಕೆಲಸಕ್ಕೆ ಠಾಣೆಯ ಹಿರಿಯ ಎಎಸ್‌ಐ ಒಬ್ಬರು ಸಾಕು, ಆದರೆ ಅವರಿಗೆ ತರಬೇತಿ ಬೇಕು.

ಇನ್ನು ರಜೆ. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆಯ ಕರೆ ಕೊಟ್ಟಾಗ ಸಂಬಳದ ಜೊತೆ ವಾರದ ರಜೆಯನ್ನೂ ಕೇಳಿದ್ದರು. ಸಂಬಳದ ಪ್ರಶ್ನೆ ಔರಾದಕರ್ ಸಮಿತಿಯ ಮುಂದೆ ಹೋಯಿತು. ನಿದ್ದೆಯೇ ಅರ್ಧ ಔಷಧವಾದ ಬೇನೆಯಲ್ಲಿ ರಜೆ ಯಾರೋ ಮಾಡುವ ಉಪಕಾರವಲ್ಲ, ಚಿಕಿತ್ಸೆ.

ಹೆಸರಿಗೆ ಅಂಜುವವರಿಗೆ 2022ರ ಅಕ್ಟೋಬರ್ 10ರಿಂದ ಒಂದು ಒಳದಾರಿ ಇದೆ. 'ಟೆಲಿ ಮಾನಸ್' ದೂರವಾಣಿ, ಸಂಖ್ಯೆ 14416; ಹಗಲೂ ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಅದಕ್ಕೆ ಸಾಹೇಬರ ಸಹಿ ಬೇಕಿಲ್ಲ. ಮಾತಿನಲ್ಲಿ ಮುಗಿಯದಿದ್ದರೆ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. ಅಲ್ಲಿಗೆ ಹೋಗಿ ಬರಲು ಅರ್ಧ ದಿನದ ರಜೆಯಂತೂ ಬೇಕು.